ಮನೆಯ ಆರೋಗ್ಯ: ಎಳೆಯರ ಕರುಳು ಕಟ್ಟಿದಾಗ

ನಮ್ಮ ಭಾಷೆಯಲ್ಲಿ ಕರುಳಿಗಿರುವ ಗೌರವ ಹೃದಯಕ್ಕೂ ಇಲ್ಲವೆಂದರೆ ತಪ್ಪಾಗಲಾರದು. ಮಕ್ಕಳು ಕರುಳಿನ ಕುಡಿಗಳು, ತಾಯಿಯದು ಹೆತ್ತ ಕರುಳು, ನೆಂಟಸ್ತನವೆಂದರೆ ಕರುಳಬಳ್ಳಿ, ಮರುಕ ಹುಟ್ಟಿದರೆ ಕರುಳು ಚುರುಕ್ಕೆನ್ನುತ್ತದೆ. ಮಾತಿನಲ್ಲಿ ಇಷ್ಟು ಮನ್ನಣೆ ಪಡೆದ ಈ ಅಂಗ ನಿಜವಾಗಿ ತೊಂದರೆಗೆ ಸಿಕ್ಕಾಗ ಮಾತ್ರ, "ಏನೋ ಹೊಟ್ಟೆನೋವು, ಒಂದು ಚಮಚ ಹರಳೆಣ್ಣೆ ಕುಡಿಸಿ, ಸರಿಹೋದೀತು" ಎಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ.

ನೂರು ಹೊಟ್ಟೆನೋವುಗಳಲ್ಲಿ ಬಹುಪಾಲು ತಾವಾಗಿಯೇ ಸರಿಹೋಗುವುದೂ ನಿಜವೇ. ಆದರೆ ಹಾಗೆ ಸರಿಹೋಗದ ಕೆಲವು ಉಂಟು. ಅಂಥವುಗಳಲ್ಲಿ ಕರುಳು ಕಟ್ಟಿಕೊಳ್ಳುವ ಬೇನೆ ಮುಖ್ಯವಾದುದು. ವಯಸ್ಸಾದವರಲ್ಲಿ ಇದು ಬಂದರೆ ವೈದ್ಯರಿಗೆ ಬೇಗ ಹೊಳೆಯುತ್ತದೆ. ಹತ್ತು, ಹದಿನೈದು, ಇಪ್ಪತ್ತರ ಪ್ರಾಯದವರಲ್ಲಿ ಬಂದರೆ ಮನೆಯವರಿಗೂ ಹೊಳೆಯದು, ಕೆಲವೊಮ್ಮೆ ವೈದ್ಯರಿಗೂ ಹೊಳೆಯದು. ಏಕೆಂದರೆ ಅದು ಅಪರೂಪ. ಅಪರೂಪವೆಂಬ ಕಾರಣಕ್ಕೇ ತಡವಾಗುತ್ತದೆ, ತಡವಾದುದರಿಂದಲೇ ಅಪಾಯವಾಗುತ್ತದೆ. ಆದಕಾರಣ ಈ ಸಲ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕೊಳವೆಯ ಕಥೆ

ಜಠರದಿಂದ ಕೆಳಗೆ ಸಣ್ಣ ಕರುಳು ದೊಡ್ಡವರಲ್ಲಿ ಸುಮಾರು ೬ ಮೀಟರು ಉದ್ದವಿದೆ. ಅದರ ಮುಂದೆ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು. ಇಷ್ಟು ಉದ್ದದ ಕೊಳವೆಯು ಒಂದು ತೆಳುವಾದ ಪೊರೆಯ ಆಧಾರದಿಂದ ಬೆನ್ನಿನ ಗೋಡೆಗೆ ತಗಲಿಕೊಂಡಿರುತ್ತದೆ. ಆ ಪೊರೆಯೊಳಗಿಂದಲೇ ರಕ್ತನಾಳಗಳು ಬಂದು ಕರುಳನ್ನು ಪೋಷಿಸುತ್ತವೆ. ಈ ಎರಡು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು: ಕೊಳವೆ ಕಟ್ಟಿದರೆ ಆಹಾರ ನಿಲ್ಲುತ್ತದೆ, ಪೊರೆ ನುಲಿದರೆ ರಕ್ತವೂ ನಿಲ್ಲುತ್ತದೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಸ್ವಲ್ಪ ಕಾಲಾವಕಾಶ ಉಂಟು. ಎರಡನೆಯದಕ್ಕೆ ಕೆಲವೇ ಗಂಟೆಗಳು.

ಕೊಳವೆ ಕಟ್ಟಿದಾಗ ಕರುಳು ಸುಮ್ಮನಿರುವುದಿಲ್ಲ. ಅಡ್ಡಿಯನ್ನು ತಳ್ಳಿಹಾಕಲು ಬಿಗಿಹಿಡಿದು ಹಿಂಡುತ್ತದೆ, ಸಡಿಲಿಸುತ್ತದೆ, ಮತ್ತೆ ಹಿಂಡುತ್ತದೆ. ಅದರಿಂದಲೇ ನೋವು ಅಲೆಯಲೆಯಾಗಿ ಬರುತ್ತದೆ. ಮೇಲಿನ ಭಾಗದಲ್ಲಿ ರಸಗಳು ತುಂಬಿ ವಾಂತಿಯಾಗುತ್ತದೆ. ಗಾಳಿ, ನೀರು ಸೇರಿ ಹೊಟ್ಟೆ ಉಬ್ಬುತ್ತದೆ. ಕಡೆಗೆ ಮಲವಷ್ಟೇ ಅಲ್ಲ, ಅಪಾನವಾಯುವೂ ನಿಂತುಹೋಗುತ್ತದೆ. ನೋವು, ವಾಂತಿ, ಉಬ್ಬರ, ಬಂಧ. ಈ ನಾಲ್ಕೂ ಸೇರಿದರೆ ಕರುಳು ಕಟ್ಟಿದೆಯೆಂದೇ ಶಂಕಿಸಬೇಕು. ಆದರೆ ನಾಲ್ಕೂ ಕೂಡಿ ಬರಲೆಂದು ಕಾಯಬಾರದು. ಅಡ್ಡಿ ಮೇಲ್ಭಾಗದಲ್ಲಿದ್ದರೆ ಹೊಟ್ಟೆ ಉಬ್ಬುವುದೇ ಇಲ್ಲ. ಕೆಳಗೆ ಉಳಿದಿದ್ದ ಮಲ ಒಂದೆರಡು ಸಲ ಹೋಗಲೂಬಹುದು.

ದೊಡ್ಡವರಲ್ಲಿ ಈ ಬೇನೆಗೆ ಸಾಮಾನ್ಯ ಕಾರಣಗಳು ಮೂರು: ಹಿಂದೆ ಆದ ಶಸ್ತ್ರಚಿಕಿತ್ಸೆಯಿಂದ ಒಳಗೆ ಉಳಿದ ಅಂಟು, ತೊಡೆಸಂದಿ ಮೊದಲಾದೆಡೆ ಕರುಳು ಇಳಿಯುವ ಅಂತ್ರವೃದ್ಧಿ ಅಂದರೆ ಹರ್ನಿಯ, ಮತ್ತು ಗಡ್ಡೆ. ಎಂದೂ ಹೊಟ್ಟೆ ಕೊಯ್ಸಿಕೊಳ್ಳದ, ಹರ್ನಿಯವಿಲ್ಲದ ಹುಡುಗನೊಬ್ಬನ ಕರುಳು ಕಟ್ಟಿದರೆ ಬೇರೆ ಕಾರಣಗಳನ್ನೇ ಹುಡುಕಬೇಕು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ನೋಡೋಣ.

ಹುಟ್ಟಿನಿಂದ ಬಂದ ತಿರುವು

ಗರ್ಭದಲ್ಲಿ ಸುಮಾರು ಆರನೆಯ ವಾರದಲ್ಲಿ ಶಿಶುವಿನ ಕರುಳು ಹೊಟ್ಟೆಯಲ್ಲಿ ಸ್ಥಳ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಹೊರಬರುತ್ತದೆ. ಸುಮಾರು ಹತ್ತನೆಯ ವಾರದಲ್ಲಿ ಹಿಂದಿರುಗಿ, ಮುಕ್ಕಾಲು ಸುತ್ತು ಸುತ್ತಿ, ತನ್ನ ತನ್ನ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಕೆಲವರಲ್ಲಿ ಈ ಸುತ್ತು ಪೂರ್ತಿಯಾಗುವುದಿಲ್ಲ. ಆಗ ಕರುಳಿನ ಪೊರೆಯ ಬುಡ ಅಗಲವಾಗಿರುವ ಬದಲು ಹೂವಿನ ತೊಟ್ಟಿನಂತೆ ಕಿರಿದಾಗಿರುತ್ತದೆ. ಕಿರಿದಾದ ತೊಟ್ಟು ಯಾವಾಗ ಬೇಕಾದರೂ ನುಲಿದೀತು. ನುಲಿದರೆ ಸಣ್ಣ ಕರುಳಿನ ಬಹುಭಾಗಕ್ಕೆ ರಕ್ತ ತಪ್ಪುತ್ತದೆ.

ಇದು ಹೆಚ್ಚಾಗಿ ಹುಟ್ಟಿದ ಮೊದಲ ತಿಂಗಳಲ್ಲೇ ಪ್ರಕಟವಾಗುತ್ತದೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಹಸುಗೂಸು ಇದ್ದಕ್ಕಿದ್ದಂತೆ ಹಸುರು ವಾಂತಿ ಮಾಡುತ್ತದೆ. ಇಲ್ಲಿ ನಮ್ಮ ಮನೆಗಳ ಒಂದು ನಂಬಿಕೆಯ ಮಾತು ಹೇಳಲೇಬೇಕು. ಹಸುರು ವಾಂತಿಯಾದರೆ ಹಿರಿಯರು, "ಪಿತ್ತ ಹೊರಬಿತ್ತು, ಇನ್ನು ಹಗುರವಾಗುತ್ತದೆ" ಎನ್ನುತ್ತಾರೆ. ಆ ಹಸುರು ಪಿತ್ತರಸವೇ ಹೌದು. ಆದರೆ ಪಿತ್ತರಸ ಕರುಳಿಗೆ ಇಳಿಯುವುದು ಜಠರದಿಂದ ಕೆಳಗೆ; ಅದು ಮೇಲಕ್ಕೆ ಬಂದಿತೆಂದರೆ ಅದರ ಮುಂದಿನ ದಾರಿ ಕಟ್ಟಿರಬಹುದು ಎಂದರ್ಥ. ದೊಡ್ಡವರಲ್ಲಿ ಬರಿಹೊಟ್ಟೆಯಲ್ಲಿ ಹತ್ತು ಸಲ ವಾಂತಿಯಾದಾಗ ಕೊನೆಗೆ ಹಸುರು ಕಾಣುವುದುಂಟು; ಅದಕ್ಕೆಲ್ಲ ಹೆದರಬೇಕಿಲ್ಲ. ಹಸುಗೂಸಿನ ಹಸುರು ವಾಂತಿ ಮಾತ್ರ ಹಗುರದ ಮಾತಲ್ಲ. ನಾಳೆ ನೋಡೋಣವೆನ್ನದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಆದರೆ ಈ ದೋಷ ಎಲ್ಲರಲ್ಲೂ ತೊಟ್ಟಿಲಲ್ಲೇ ತೋರಿಕೊಳ್ಳುವುದಿಲ್ಲ. ಮುಂಬಯಿಯ ಉಪನಗರವೊಂದರಿಂದ ಓದುಗ ತಾಯಿಯೊಬ್ಬರು ನಮಗೆ ಬರೆದ ಪತ್ರ ಇದಕ್ಕೆ ಉದಾಹರಣೆ. ಅವರ ಮಗನಿಗೆ ಆರನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಮೂರು ಸಲ ಹೊಟ್ಟೆ ನುಲಿದು ವಾಂತಿಯಾಗುತ್ತಿತ್ತು. ಒಂದು ದಿನ ಮಲಗಿದ್ದು ಮರುದಿನ ಎದ್ದು ಆಡುತ್ತಿದ್ದ. ಒಬ್ಬರು ಜಂತುಹುಳುವೆಂದರು, ಒಬ್ಬರು ಬೀದಿಯ ತಿಂಡಿಯೆಂದರು, ಪರೀಕ್ಷೆಯ ದಿನಗಳಲ್ಲಿ ಬಂದಾಗ ಎಲ್ಲರೂ ಸೇರಿ ಹೆದರಿಕೆಯೆಂದರು. ಹುಡುಗನಿಗೂ ನಾಚಿಕೆಯಾಗಿ, ನೋವು ಬಂದರೆ ಹೇಳುವುದನ್ನೇ ಬಿಟ್ಟ. ಹದಿನಾಲ್ಕನೆಯ ವರ್ಷದಲ್ಲಿ ಒಮ್ಮೆ ನೋವು ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡಿದ ತರುಣ ವೈದ್ಯೆ ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡಿರುವುದನ್ನು ಕಂಡು ಕೂಡಲೇ ಶಸ್ತ್ರವೈದ್ಯರನ್ನು ಕರೆದರು. ಅದೇ ರಾತ್ರಿ ಶಸ್ತ್ರಕ್ರಿಯೆಯಾಗಿ ಕರುಳೆಲ್ಲ ಉಳಿಯಿತು. "ಎಂಟು ವರ್ಷ ಅವನನ್ನು ಪುಕ್ಕಲನೆಂದು ಕರೆದೆವು" ಎಂದು ಆ ತಾಯಿ ಬರೆದಿದ್ದಾರೆ. ತಾಯಿ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಆದರೆ ಬಂದು ಬಂದು ಹೋಗುವ ನೋವು, ಅದರೊಡನೆ ಹಸುರು ವಾಂತಿ, ನಡುವೆ ಪೂರ್ಣ ಆರೋಗ್ಯ. ಈ ಮೂರು ಕೂಡಿದರೆ ಹೊಟ್ಟೆಯ ಚಿತ್ರ ತೆಗೆಸದೆ ಹೆದರಿಕೆಯೆಂಬ ತೀರ್ಮಾನಕ್ಕೆ ಬರಬಾರದು. ಪತ್ರದ ಸಾರ ಇಷ್ಟು.

ಇದಕ್ಕೆ ಮಾಡುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಬಾಸ್ಟನ್ನಿನ ವಿಲಿಯಂ ಲ್ಯಾಡ್ ಎಂಬ ಮಕ್ಕಳ ಶಸ್ತ್ರವೈದ್ಯರು ೧೯೩೬ರಲ್ಲಿ ವಿವರಿಸಿದರು. ಇಂದಿಗೂ ಅದು ಅವರ ಹೆಸರಿನಿಂದಲೇ ನಡೆಯುತ್ತಿದೆ. ನುಲಿಯನ್ನು ಬಿಚ್ಚುವುದು, ಕರುಳನ್ನು ಒತ್ತಿಹಿಡಿದ ಪಟ್ಟಿಗಳನ್ನು ಕತ್ತರಿಸುವುದು, ಪೊರೆಯ ಬುಡವನ್ನು ಅಗಲಿಸುವುದು, ಸಣ್ಣ ಕರುಳನ್ನು ಬಲಕ್ಕೂ ದೊಡ್ಡದನ್ನು ಎಡಕ್ಕೂ ಇರಿಸುವುದು, ಇದರ ಕ್ರಮ. ಅಪೆಂಡಿಕ್ಸನ್ನೂ ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. ಏಕೆಂದರೆ ಮುಂದೆ ಅದು ಎಡಗಡೆ ಉಳಿದು, ಬೇನೆ ಬಂದಾಗ ವೈದ್ಯರ ದಾರಿ ತಪ್ಪಿಸೀತು.

ಕರುಳೊಳಗೆ ಕರುಳು

ಮಡಿಸುವ ದುರ್ಬೀನಿನ ಒಂದು ಕೊಳವೆ ಇನ್ನೊಂದರೊಳಗೆ ಸೇರುವಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಕ್ಕೆ ಹೊಕ್ಕುಬಿಡುವುದು ಎರಡನೆಯ ಬಗೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಅಷ್ಟು ಅಪರೂಪವಲ್ಲ. ಕೂಸು ಇದ್ದಕ್ಕಿದ್ದಂತೆ ಕಾಲು ಮಡಚಿ ಕಿರುಚುತ್ತದೆ, ಸ್ವಲ್ಪ ಹೊತ್ತಿನಲ್ಲಿ ಏನೂ ಆಗದಂತೆ ಸುಮ್ಮನಾಗುತ್ತದೆ, ಮತ್ತೆ ಕಿರುಚುತ್ತದೆ. ನಡುನಡುವೆ ಬಿಳಿಚಿಕೊಂಡು ತೂಕಡಿಸುತ್ತದೆ. ರಕ್ತ ಮತ್ತು ಲೋಳೆ ಬೆರೆತ ಕೆಂಪು ಮಲ ಕಾಣುವುದು ಕೊನೆಯ ಹಂತದಲ್ಲಿ, ಅದಕ್ಕಾಗಿ ಕಾಯಬಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಬಹುಮಟ್ಟಿಗೆ ಸಾವಿನ ಕರೆಯಾಗಿತ್ತು. ೧೮೭೧ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಎರಡು ವರ್ಷದ ಮಗುವೊಂದಕ್ಕೆ ಶಸ್ತ್ರಕ್ರಿಯೆ ಮಾಡಿ ಬದುಕಿಸಿದರು. ಡೆನ್ಮಾರ್ಕಿನ ಹಿರ್ಷ್‌ಸ್ಪ್ರಂಗ್ ಕೊಯ್ಯದೆಯೇ, ಗುದದ ಮೂಲಕ ನೀರಿನ ಒತ್ತಡದಿಂದ ಕರುಳನ್ನು ಹಿಂದಕ್ಕೆ ತಳ್ಳುವ ಬಗೆಯನ್ನು ೧೮೭೬ರಲ್ಲಿ ವರದಿ ಮಾಡಿದರು. ಇಂದು ಅದೇ ಉಪಾಯವನ್ನು ಗಾಳಿಯಿಂದಲೋ ಲವಣದ ನೀರಿನಿಂದಲೋ, ಕ್ಷಕಿರಣ ಅಥವಾ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಮಾಡುತ್ತಾರೆ. ಬೇಗ ಬಂದ ಮಕ್ಕಳಲ್ಲಿ ಬಹುಪಾಲಿಗೆ ಅಷ್ಟರಿಂದಲೇ ಗುಣವಾಗುತ್ತದೆ. ಸುಮಾರು ಹತ್ತರಲ್ಲೊಂದು ಮಗುವಿಗೆ ಅದು ಮರುಕಳಿಸುವುದರಿಂದ ಕೆಲ ದಿನ ಕಣ್ಣಿಟ್ಟಿರಬೇಕು. ಇದು ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರು ಪಕ್ಕದಲ್ಲಿರುವಾಗ ಮಾಡತಕ್ಕ ಕೆಲಸ. ಮನೆಯ ಎನಿಮಾಕ್ಕೂ ಇದಕ್ಕೂ ಸಂಬಂಧವಿಲ್ಲ.

ಶಾಲೆಗೆ ಹೋಗುವ ಮಕ್ಕಳಲ್ಲೂ ತರುಣರಲ್ಲೂ ಹೀಗಾದರೆ ಅದು ಅಪರೂಪ. ಮತ್ತು ಅದಕ್ಕೊಂದು ಮೂಲವಿರುವ ಸಂಭವ ಹೆಚ್ಚು. ಕರುಳನ್ನು ಒಳಕ್ಕೆಳೆದ ಒಂದು ಗಂಟು ಎಲ್ಲಿಯೋ ಇರುತ್ತದೆ. ಅದು ದುರ್ಮಾಂಸದ ಮೊಳಕೆಯಿರಬಹುದು, ಗ್ರಂಥಿಯ ಗಡ್ಡೆಯಿರಬಹುದು, ಅಥವಾ ಜರ್ಮನಿಯ ಮೆಕೆಲ್ ೧೮೦೯ರಲ್ಲಿ ವಿವರಿಸಿದ ಕಿರುಚೀಲವಿರಬಹುದು. ಈ ಚೀಲ ಗರ್ಭಕಾಲದ ಒಂದು ನಾಳದ ಉಳಿಕೆ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ. ಬಹಳ ಮಂದಿಗೆ ಅದು ಇದ್ದದ್ದೇ ತಿಳಿಯದೆ ಜೀವಮಾನ ಕಳೆಯುತ್ತದೆ. ತುಟಿಯ ಮೇಲೂ ಬಾಯೊಳಗೂ ಕಪ್ಪು ಚುಕ್ಕೆಗಳಿರುವ ಮಕ್ಕಳಿಗೆ ಪದೇ ಪದೇ ಹೊಟ್ಟೆನೋವು ಬಂದರೆ ಆ ಚುಕ್ಕೆಗಳನ್ನು ವೈದ್ಯರಿಗೆ ತೋರಿಸಬೇಕು. ಕರುಳಿನಲ್ಲಿ ಮೊಳಕೆಗಳೇಳುವ ವಂಶಪಾರಂಪರ್ಯದ ಒಂದು ಬೇನೆಗೆ ಅದು ಗುರುತು.

ಎರಡು ನಾಳಗಳ ಇಕ್ಕಳ

ಮೂರನೆಯದು ತೆಳ್ಳಗಿನ ತರುಣ ತರುಣಿಯರದು. ಸಣ್ಣ ಕರುಳಿನ ಮೊದಲ ಭಾಗವು ಹಿಂದಿರುವ ಮಹಾಧಮನಿಗೂ ಅದರಿಂದ ಕವಲೊಡೆದು ಮುಂದಕ್ಕಿಳಿಯುವ ಇನ್ನೊಂದು ಧಮನಿಗೂ ನಡುವೆ ಹಾದುಹೋಗುತ್ತದೆ. ಇವೆರಡರ ನಡುವೆ ಕೊಬ್ಬಿನ ಒಂದು ಮೆತ್ತೆ ಇದ್ದು ದಾರಿಯನ್ನು ತೆರೆದಿಡುತ್ತದೆ. ಮನುಷ್ಯ ಬೇಗ ಬೇಗ ತೂಕ ಕಳೆದುಕೊಂಡರೆ ಆ ಮೆತ್ತೆ ಕರಗುತ್ತದೆ. ಸಾಮಾನ್ಯವಾಗಿ ೧೦ರಿಂದ ೨೮ ಮಿಲಿಮೀಟರಿರುವ ಅಂತರ ೮ಕ್ಕೂ ಕಡಿಮೆಯಾಗಿ, ಧಮನಿಗಳು ಕರುಳನ್ನು ಇಕ್ಕಳದಂತೆ ಹಿಡಿಯುತ್ತವೆ. ವಿಯೆನ್ನಾದ ರೊಕಿಟಾನ್ಸ್ಕಿ ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಎಡಿನ್‌ಬರೋದ ವಿಲ್ಕಿ ೧೯೨೭ರಲ್ಲಿ ೭೫ ರೋಗಿಗಳ ವಿವರ ಪ್ರಕಟಿಸಿದರು.

ದೀರ್ಘಜ್ವರ, ಸುಟ್ಟಗಾಯ, ಬೆನ್ನೆಲುಬಿನ ಶಸ್ತ್ರಕ್ರಿಯೆ ಇವುಗಳ ಅನಂತರ ಹೀಗಾಗಬಹುದು. ಮೈ ಇಳಿಸಬೇಕೆಂದು ಊಟ ಬಿಟ್ಟ ಹುಡುಗಿಯರಲ್ಲೂ ಆಗಬಹುದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಉಂಡಮೇಲೆ ನೋವು, ಹಸುರು ವಾಂತಿ. ಬೋರಲು ಮಲಗಿದರೆ ಅಥವಾ ಎಡಮಗ್ಗುಲಾದರೆ ಸಮಾಧಾನ. ವಾಂತಿಯಿಂದ ಊಟ ತಪ್ಪುತ್ತದೆ, ಊಟ ತಪ್ಪಿ ತೂಕ ಇನ್ನಷ್ಟು ಇಳಿಯುತ್ತದೆ, ತೂಕ ಇಳಿದು ಇಕ್ಕಳ ಇನ್ನಷ್ಟು ಬಿಗಿಯುತ್ತದೆ. ಮನೆಯಲ್ಲಿ "ಊಟಕ್ಕೆ ಹಟ ಮಾಡುತ್ತಾಳೆ" ಎಂಬ ಮಾತು. ಹಟವೋ ಬೇನೆಯೋ ಎಂಬುದನ್ನು ಸಿ.ಟಿ. ಸ್ಕ್ಯಾನ್ ಹೇಳಬಲ್ಲದು, ಬೈಗುಳು ಹೇಳಲಾರದು. ಎರಡೂ ಒಟ್ಟಿಗೆ ಇರುವುದೂ ಉಂಟು. ಆಗ ಮನಸ್ಸಿಗೂ ಚಿಕಿತ್ಸೆ ಬೇಕು. ಸಂತೋಷದ ಸಂಗತಿಯೆಂದರೆ ಇದಕ್ಕೆ ಮೊದಲ ಔಷಧ ಆಹಾರವೇ. ಮೂಗಿನಿಂದ ಸಣ್ಣ ನಳಿಕೆಯನ್ನು ಇಕ್ಕಳದಾಚೆಗೆ ದಾಟಿಸಿ ಪೋಷಣೆ ಕೊಡುತ್ತಾರೆ. ತೂಕ ಏರಿದಂತೆ ಮೆತ್ತೆ ಮರಳಿ ಬರುತ್ತದೆ. ಅದು ಫಲಿಸದಿದ್ದರೆ ಮಾತ್ರ ಕರುಳಿಗೆ ಬಳಸುದಾರಿ ಮಾಡುವ ಶಸ್ತ್ರಕ್ರಿಯೆ.

ಕ್ಷಯ ಮತ್ತು ಕೂದಲು

ನಮ್ಮ ದೇಶದಲ್ಲಿ ತರುಣರ ಕರುಳು ಕಟ್ಟಿದಾಗ ಕ್ಷಯವನ್ನು ಮರೆಯುವಂತಿಲ್ಲ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ನಾವು ತಿಳಿದಿದ್ದೇವೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಸಂಧಿಯಲ್ಲಿ ಅದು ನೆಲೆಸಿ, ಕರುಳನ್ನು ದಪ್ಪಗಾಗಿಸಿ ದಾರಿಯನ್ನು ಕಿರಿದು ಮಾಡುತ್ತದೆ. ಸಂಜೆಯ ಸಣ್ಣ ಜ್ವರ, ಇಳಿಯುವ ತೂಕ, ಉಂಡ ಮೇಲೆ ಹೊಟ್ಟೆಯಲ್ಲಿ ಗಾಳಿಯ ಉಂಡೆ ಗುಡುಗುಡು ಎಂದು ಓಡಾಡಿದಂತಾಗಿ ನೋವು. ಇವು ತಿಂಗಳುಗಟ್ಟಲೆ ನಡೆಯುತ್ತವೆ. ಕ್ರೋನನ ಕಾಯಿಲೆಯೆಂಬ ಇನ್ನೊಂದು ಬೇನೆಯೂ ಥೇಟ್ ಇದರಂತೆಯೇ ಕಾಣುವುದರಿಂದ, ದುರ್ಬೀನು ಹಾಕಿ ಕರುಳಿನ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಒಂದರ ಔಷಧವನ್ನು ಇನ್ನೊಂದಕ್ಕೆ ಕೊಟ್ಟರೆ ಅನಾಹುತ. ಕ್ಷಯವೆಂದು ಸಿದ್ಧವಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧ. ಸರಕಾರದ ಕ್ಷಯ ನಿರ್ಮೂಲನ ಕಾರ್ಯಕ್ರಮದಲ್ಲಿ ಅದು ಉಚಿತ. ಕಿರಿದಾದ ದಾರಿ ಹಲವರಲ್ಲಿ ಔಷಧದಿಂದಲೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಶಸ್ತ್ರವೈದ್ಯರು ಬಿಡಿಸುತ್ತಾರೆ. ನಡುವೆ ಮೈ ಹಗುರವಾಯಿತೆಂದು ಗುಳಿಗೆ ನಿಲ್ಲಿಸತಕ್ಕದ್ದಲ್ಲ.

ಇನ್ನೊಂದು ಬಹಳ ಅಪರೂಪದ ಸಂಗತಿ. ತಮ್ಮ ಕೂದಲನ್ನೇ ಕಿತ್ತು ನುಂಗುವ ಅಭ್ಯಾಸ ಕೆಲವು ಮಕ್ಕಳಿಗೆ, ಹೆಚ್ಚಾಗಿ ಹುಡುಗಿಯರಿಗೆ, ಇರುತ್ತದೆ. ಕೂದಲು ಜೀರ್ಣವಾಗದು. ವರ್ಷಗಳಲ್ಲಿ ಅದು ಉಂಡೆಕಟ್ಟಿ ಜಠರವನ್ನು ತುಂಬಿ, ಕೆಲವೊಮ್ಮೆ ಬಾಲದಂತೆ ಕರುಳಿಗೂ ಇಳಿದು ದಾರಿ ಮುಚ್ಚುತ್ತದೆ. ಉಂಡೆಯನ್ನು ಶಸ್ತ್ರವೈದ್ಯರು ತೆಗೆದಾರು. ಆ ಅಭ್ಯಾಸದ ಹಿಂದಿನ ದುಗುಡವನ್ನು ತೆಗೆಯಲು ಮನೋವೈದ್ಯರೂ ಮನೆಯವರ ಮಮತೆಯೂ ಬೇಕು. ನೆತ್ತಿಯಲ್ಲಿ ಕೂದಲು ತೆಳುವಾದ ತೇಪೆ ಕಂಡರೆ ಗದರಿಸದೆ, ಸಮಾಧಾನದಿಂದ ವಿಚಾರಿಸಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ

ವೈದ್ಯರು ಮೊದಲು ಮಾತಾಡಿಸುತ್ತಾರೆ, ಆಮೇಲೆ ಹೊಟ್ಟೆಯನ್ನು ಮುಟ್ಟಿ ನೋಡುತ್ತಾರೆ. ತೊಡೆಸಂದಿಯನ್ನೂ ಹುಡುಗರ ವೃಷಣಗಳನ್ನೂ ನೋಡುತ್ತಾರೆ. ಇದಕ್ಕೆ ನಾಚಿಕೊಳ್ಳಬಾರದು. ನಿಲ್ಲಿಸಿ ತೆಗೆದ ಕ್ಷಕಿರಣದ ಚಿತ್ರದಲ್ಲಿ ಉಬ್ಬಿದ ಕರುಳು, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ನೀರಿನ ಮಟ್ಟಗಳು ಕಾಣುತ್ತವೆ. ಅಲ್ಟ್ರಾಸೌಂಡಿನಲ್ಲಿ ಕರುಳೊಳಗಿನ ಕರುಳು ಬಳೆಯೊಳಗಿನ ಬಳೆಯಂತೆಯೂ, ನುಲಿದ ನಾಳಗಳು ಸುಳಿಯಂತೆಯೂ ತೋರುತ್ತವೆ. ತಿರುವು ತಪ್ಪಿದ ಕರುಳನ್ನು ತಿಳಿಯಲು ಬಣ್ಣದ ದ್ರವ ಕುಡಿಸಿ ಚಿತ್ರ ತೆಗೆಯುವುದುಂಟು. ದೊಡ್ಡ ಮಕ್ಕಳಿಗೆ ಸಿ.ಟಿ. ಸ್ಕ್ಯಾನ್ ಬಹಳಷ್ಟು ಹೇಳುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಎಲ್ಲಕ್ಕೂ ಒಂದೇ: ಬಾಯಿಗೆ ಏನೂ ಕೊಡದಿರುವುದು, ನಾಳದಿಂದ ನೀರು ಮತ್ತು ಲವಣ ತುಂಬುವುದು, ಮೂಗಿನ ನಳಿಕೆಯಿಂದ ಜಠರವನ್ನು ಬರಿದು ಮಾಡುವುದು. ಈ ನಳಿಕೆಯನ್ನು ಕಂಡು ಮನೆಯವರು ಗಾಬರಿಗೊಳ್ಳುತ್ತಾರೆ. ಅಮೆರಿಕದ ಮಿನೆಸೋಟದ ವಾಂಗೆನ್‌ಸ್ಟೀನ್ ಎಂಬ ಶಸ್ತ್ರವೈದ್ಯರು ೧೯೩೦ರ ದಶಕದಲ್ಲಿ ಈ ಹೀರುವ ವಿಧಾನವನ್ನು ಬಳಕೆಗೆ ತಂದಮೇಲೆ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಕೆಲವು ಅಡ್ಡಿಗಳು ಇಷ್ಟರಿಂದಲೇ ಬಿಡುತ್ತವೆ. ನೋವು ಬಿಡುವಿಲ್ಲದೆ ನಿಂತರೆ, ಜ್ವರವೇರಿದರೆ, ನಾಡಿ ಓಡಿದರೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ, ಮಲದಲ್ಲಿ ರಕ್ತ ಬಂದರೆ, ಕರುಳಿನ ರಕ್ತ ನಿಂತಿದೆಯೆಂದು ಶಂಕಿಸಿ ತಡಮಾಡದೆ ಕೊಯ್ಯುತ್ತಾರೆ. ಜೀವವಿರುವ ಕರುಳು ಉಳಿಯುತ್ತದೆ. ಸತ್ತ ಭಾಗವನ್ನು ತೆಗೆದು ತುದಿಗಳನ್ನು ಜೋಡಿಸುತ್ತಾರೆ. ಹೆಚ್ಚು ಭಾಗ ಹೋದರೆ ಮಗು ವರ್ಷಗಟ್ಟಲೆ ನಾಳದ ಪೋಷಣೆಯಲ್ಲಿ ಬದುಕಬೇಕಾದೀತು. ಗಂಟೆಗಳ ಬೆಲೆ ಇಲ್ಲಿದೆ.

ಮನೆಯಲ್ಲಿ ಮಾಡಬಾರದ್ದು, ಮಾಡಬೇಕಾದ್ದು

ನುಲಿಯುವ ನೋವು, ವಾಂತಿ ಎರಡೂ ಇರುವಾಗ ಹರಳೆಣ್ಣೆ, ಸೋನಾಮುಖಿ ಮೊದಲಾದ ಯಾವ ಭೇದಿಯ ಔಷಧವನ್ನೂ ಕೊಡಬೇಡಿ. ಕಟ್ಟಿದ ಕೊಳವೆಯನ್ನು ಇನ್ನಷ್ಟು ಹಿಂಡಿಸಿದರೆ ಅದು ಒಡೆದೀತು. ಎನಿಮಾ ಬೇಡ. ಬಟ್ಟಿ ಸರಿದಿದೆಯೆಂದು ಹೊಕ್ಕುಳ ಸುತ್ತ ತಿಕ್ಕಿಸಬೇಡಿ. ಕೂಸಿನ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಅದು ಸುಟ್ಟಗಾಯವನ್ನು ಕೊಡುತ್ತದೆಯೇ ಹೊರತು ಕರುಳಿನ ಗಂಟನ್ನು ಬಿಡಿಸದು. "ಬರಿಹೊಟ್ಟೆಯಲ್ಲಿ ಇರಬಾರದು" ಎಂದು ಅನ್ನ, ಹಾಲು ತುರುಕಬೇಡಿ. ನೋವಿನ ಗುಳಿಗೆ ನುಂಗಿಸುತ್ತ ರಾತ್ರಿ ಕಳೆಯಬೇಡಿ.

ಮಾಡಬೇಕಾದ್ದು ಸ್ವಲ್ಪವೇ. ನೋವು ಎಷ್ಟು ಗಂಟೆಗೆ ಆರಂಭವಾಯಿತು, ವಾಂತಿಯ ಬಣ್ಣವೇನು, ಕೊನೆಯ ಸಲ ಮಲ ಮತ್ತು ವಾಯು ಹೋದದ್ದು ಯಾವಾಗ, ಮೂತ್ರ ಎಷ್ಟು ಹೊತ್ತಿಗೆ ಆಯಿತು, ಹಿಂದೆ ಹೀಗಾಗಿತ್ತೇ, ಹೊಟ್ಟೆ ಕೊಯ್ಸಿದ್ದುಂಟೇ. ಇವನ್ನು ಒಂದು ಚೀಟಿಯಲ್ಲಿ ಬರೆದು ಹೊರಡಿ. ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೇ ಹೋಗಿ. ಕೂಸಾದರೆ ಮಕ್ಕಳ ಶಸ್ತ್ರವೈದ್ಯರಿರುವ ಕಡೆಗೆ.

ಚೀಟಿಯ ಮಾತನ್ನು ಒತ್ತಿ ಹೇಳಲು ನಮ್ಮಂಥವರಿಗೆ ಇನ್ನೊಂದು ಕಾರಣವಿದೆ. ಕನ್ನಡದಲ್ಲಿ ಹೊಟ್ಟೆ ನುಲಿಯುತ್ತದೆ, ತೊಳಸುತ್ತದೆ, ಉಬ್ಬುತ್ತದೆ, ಉರಿಯುತ್ತದೆ, ಮುರಿಯುತ್ತದೆ, ಒಂದೊಂದೂ ಬೇರೆ. ಪುಣೆಯಲ್ಲೋ ಚೆನ್ನೈಯಲ್ಲೋ ದಿಲ್ಲಿಯಲ್ಲೋ ವೈದ್ಯರ ಮುಂದೆ ಕುಳಿತಾಗ ಈ ಐದೂ ಸೇರಿ ಆ ಊರಿನ ಭಾಷೆಯ ಒಂದೇ "ಹೊಟ್ಟೆನೋವು" ಆಗಿಬಿಡುತ್ತದೆ. ಮೊಮ್ಮಗನನ್ನು ನೋಡಿಕೊಳ್ಳುತ್ತಿರುವ ಅಜ್ಜಿಗೆ ಅದೂ ಬಾರದು. ಆದ್ದರಿಂದ ಅಲೆಯಲೆಯಾಗಿ ಬರುವ ನೋವೇ, ಬಿಡದೆ ಇರುವ ನೋವೇ ಎಂಬುದನ್ನು ಕೈಯ ಸನ್ನೆಯಿಂದಾದರೂ ತಿಳಿಸಿ. ವಾಂತಿಯ ಬಣ್ಣವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಅದಕ್ಕೆ ಭಾಷೆ ಬೇಡ. ಪಕ್ಕದ ಮನೆಯವರನ್ನು ಮಾತಿಗೆ ಕರೆದೊಯ್ಯಲು ಸಂಕೋಚಪಡಬೇಡಿ. ಹಾಸ್ಟೆಲಿನಲ್ಲಿರುವ ಮಗ ಅಥವಾ ಮಗಳು ಫೋನಿನಲ್ಲಿ "ಮೂರು ಸಲ ಹಸುರು ವಾಂತಿಯಾಯಿತು" ಎಂದರೆ ಮೆಸ್ಸಿನ ಊಟವನ್ನು ಬಯ್ಯುವುದು ಆಮೇಲಾಗಲಿ. ಮೊದಲು ಒಬ್ಬ ಗೆಳೆಯನೊಡನೆ ಆಸ್ಪತ್ರೆಗೆ ಹೋಗಲು ಹೇಳಿ.

ಶಸ್ತ್ರಕ್ರಿಯೆಯಾದ ಮಕ್ಕಳ ಕಾಗದಪತ್ರಗಳನ್ನು ಜೋಪಾನವಾಗಿಡಿ. ಇಂದಿನ ಕೊಯ್ತದ ಅಂಟು ಇಪ್ಪತ್ತು ವರ್ಷದ ಮೇಲೂ ಕರುಳನ್ನು ಕಟ್ಟಬಲ್ಲದು. ಆಗ ಮುಂದಿನ ವೈದ್ಯರಿಗೆ ಆ ಕಾಗದವೇ ದಾರಿದೀಪ. ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಹೊರಟಾಗ ಉಪ್ಪಿನಕಾಯಿಯ ಡಬ್ಬದೊಡನೆ ಅದರ ಒಂದು ಪ್ರತಿಯನ್ನೂ ಕಟ್ಟಿಕೊಡಿ.

ಈ ಬೇನೆಗಳು ಅಪರೂಪ; ನಮ್ಮ ಓದುಗರಲ್ಲಿ ಬಹುಮಂದಿಗೆ ಇವನ್ನು ಕಾಣುವ ಪ್ರಸಂಗವೇ ಬಾರದಿರಲೆಂದು ಹಾರೈಸುತ್ತೇವೆ. ಆದರೆ ಹಸುಗೂಸಿನ ಹಸುರು ವಾಂತಿಯೊಂದನ್ನಾದರೂ ಯಾವ ಮನೆಯೂ ಮರೆಯದಿರಲಿ. ಮುಂದಿನ ಸಂಚಿಕೆಯಲ್ಲಿ, ಹಲವರು ಕೇಳಿರುವಂತೆ, ಮಕ್ಕಳ ಜಂತುಹುಳುವಿನ ವಿಚಾರವನ್ನು ಬರೆಯುತ್ತೇವೆ.